ಆರ್ಕ್ ಉರಿಯುತ್ತಿದೆ, ಹೈಡ್ರೋಜನ್ ಇಳಿಯುತ್ತಿದೆ: ಕೊಡಗಿನಲ್ಲಿ ಮೀಥೇನ್ ಪ್ಲಾಸ್ಮಾ ಘಟಕದ ದೋಷ ನಿವಾರಣೆ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನಿಂದ ಬರುವ ಗೊಬ್ಬರ ಗ್ಯಾಸನ್ನು ಶುದ್ಧ ಮಾಡಿ, ಅದರಲ್ಲಿನ ಮೀಥೇನನ್ನು ವಿದ್ಯುತ್ ಆರ್ಕ್‌ನಲ್ಲಿ ಒಡೆದು ಹೈಡ್ರೋಜನ್ ಪಡೆಯುವ ಬೆಂಚಿನ ಗಾತ್ರದ ಘಟಕಕ್ಕೆ ಬರೆದ ಕೈಪಿಡಿ ಇದು. ತೋಟದಲ್ಲಿ ಪ್ರಯೋಗ ನಡೆಸುವವರಿಗೂ ಕಾಲೇಜಿನ ಪ್ರಾಜೆಕ್ಟ್‌ನವರಿಗೂ ಸಮವಾಗಿ ಅನ್ವಯಿಸುತ್ತದೆ. ಹೈಡ್ರೋಜನ್ ಇಳಿದ ಕೂಡಲೇ ಎಲೆಕ್ಟ್ರೋಡ್ ಬಿಚ್ಚುವುದು ರೂಢಿ. ದಯವಿಟ್ಟು ಬಿಚ್ಚಬೇಡಿ. ಒಮ್ಮೆ ಬಿಚ್ಚಿದರೆ ಅಂತರ ಬದಲಾಗುತ್ತದೆ, ಜೋಡಣೆಯಲ್ಲಿ ಹೊಸ ಲೀಕ್ ಹುಟ್ಟುತ್ತದೆ, ಮೂಲ ದೋಷದ ಗುರುತು ಅಳಿಸಿಹೋಗುತ್ತದೆ. ನಮ್ಮ ಕಡೆ ಆರ್ಕ್‌ಗಿಂತ ಹೆಚ್ಚಾಗಿ ಕೈಕೊಡುವುದು ಲೈನಿನ ವೋಲ್ಟೇಜ್, ಗ್ಯಾಸಿನ ತೇವ, ಮಸಿ ಮತ್ತು ತಪ್ಪು ಓದುವ ಮೀಟರ್.

ಯಾವ ಘಟಕದ ಮಾತು

ಇಲ್ಲಿನ ಅಂಕಿಗಳೆಲ್ಲ ಒಂದು ಗ್ಲೈಡಿಂಗ್ ಆರ್ಕ್ ಜೋಡಣೆಗೆ ಸೇರಿದವು. ಗಾಜಿನ ಕೊಳವೆಯೊಳಗೆ ಎದುರುಬದುರಾಗಿ ನಿಂತ, ಮೇಲಕ್ಕೆ ಅಗಲವಾಗುತ್ತ ಹೋಗುವ ಎರಡು ಸ್ಟೇನ್‌ಲೆಸ್ ಸ್ಟೀಲ್ ಅಲಗುಗಳು, ಇವೇ ಎಲೆಕ್ಟ್ರೋಡ್‌ಗಳು. ಅತಿ ಕಿರಿದಾದ ಜಾಗದಲ್ಲಿ ಅಂತರ 2.5 ಮಿ.ಮೀ. ಅದರ ಕೆಳಗೆ 1 ಮಿ.ಮೀ. ತೂತಿನ ನಾಜಲ್. 10 ಕಿಲೋವೋಲ್ಟ್, 60 ಮಿಲಿಆಂಪಿಯರ್‌ನ ಹಳೇ ಮಾದರಿಯ ನಿಯಾನ್ ಬೋರ್ಡ್ ಟ್ರಾನ್ಸ್‌ಫಾರ್ಮರ್, ಅದಕ್ಕೆ ಲೈನಿನ ಕರೆಂಟ್ ಬರುವ ಬದಿಯಲ್ಲಿ ವ್ಯಾಟ್ ಮತ್ತು ಆಂಪಿಯರ್ ಎರಡನ್ನೂ ತೋರಿಸುವ ಮೀಟರ್. ನಿಮಿಷಕ್ಕೆ 2 ಲೀಟರ್ ಮೀಥೇನ್. ರಿಯಾಕ್ಟರ್ ದಾಟಿದ ಗ್ಯಾಸ್ ಮಸಿ ಫಿಲ್ಟರ್, ಕೂಲರ್, ನೀರಿನ ಬಬ್ಲರ್ ಹಾದು ಹೊರಗೆ ಹೋಗುತ್ತದೆ. ರಿಯಾಕ್ಟರಿನ ಹೊರಬಾಯಿಯಲ್ಲಿ ಒತ್ತಡ ತೋರಿಸಲು ನೀರು ತುಂಬಿದ ಯು-ಟ್ಯೂಬ್ ಒಂದಿದೆ. ಅದರ ತೆರೆದ ತುದಿಗೆ ಪೈಪ್ ಹಾಕಿ ಕಟ್ಟಡದಿಂದ ಆಚೆಗೆ ಒಯ್ದಿರಲೇಬೇಕು, ಏಕೆಂದರೆ ಒತ್ತಡ ಮೀರಿದಾಗ ನೀರು ಚಿಮ್ಮಿ ಗ್ಯಾಸ್ ಅಲ್ಲಿಂದಲೇ ಹೊರಬೀಳುತ್ತದೆ.

ಘಟಕ ಆರೋಗ್ಯವಾಗಿದ್ದಾಗ ಮೀಟರ್ ಸುಮಾರು 240 ವ್ಯಾಟ್, 2.2 ಆಂಪಿಯರ್ ತೋರಿಸುತ್ತದೆ. ಇದರಲ್ಲಿ 40 ವ್ಯಾಟ್ ಟ್ರಾನ್ಸ್‌ಫಾರ್ಮರಿನ ಬಿಸಿಗೆ ಹೋಗಿ, 200 ವ್ಯಾಟ್ ಆರ್ಕ್‌ಗೆ ಸಿಗುತ್ತದೆ. ಯು-ಟ್ಯೂಬ್ 60 ಮಿ.ಮೀ. ಆಸುಪಾಸು: ಬಬ್ಲರಿನ ನೀರಿನ ಆಳ 40, ಫಿಲ್ಟರಿನದು 20. ನಿಮ್ಮ ಘಟಕದ ಅಂಕಿ ಬೇರೆ ಇರಬಹುದು. ಅದು ಚೆನ್ನಾಗಿ ಓಡುವ ದಿನ ಈ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಡಿ. ಆ ಬರಹ ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಕೈ ಹಾಕುವ ಮೊದಲು

60 ಮಿಲಿಆಂಪಿಯರ್ ಜೀವ ತೆಗೆಯಲು ಸಾಕು. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟು, ಅರ್ಥ್ ಕೋಲಿನಿಂದ ಎರಡೂ ಅಲಗನ್ನು ಮುಟ್ಟಿಸಿದ ಮೇಲೆಯೇ ಕೈ ಮುಂದೆ ಹೋಗಬೇಕು.

ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರವರೆಗೆ ಸಿಡಿಯುತ್ತದೆ. ಹೈಡ್ರೋಜನ್‌ಗೆ ಆ ವ್ಯಾಪ್ತಿ ಶೇ. 4ರಿಂದ 75, ಹೊತ್ತಿಸಲು ಬೇಕಾದ ಕಿಡಿ ಮೀಥೇನಿಗೆ ಬೇಕಾದುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಪ್ರತಿ ಸಲ ಶುರು ಮಾಡುವಾಗ ಮತ್ತು ನಿಲ್ಲಿಸಿದ ಮೇಲೆ ಘಟಕದ ಒಳಗಿನ ಜಾಗದ ಕನಿಷ್ಠ ಐದು ಪಟ್ಟು ಆರ್ಗಾನ್ ಹಾಯಿಸಿ. ಆರ್ಗಾನ್ ದುಬಾರಿಯೆಂದು ಸಾರಜನಕ ಬಳಸುವವರಿದ್ದಾರೆ. ಆರ್ಕ್ ಆರಿರುವಾಗ ಅದು ಸರಿ. ಆರ್ಕ್ ಉರಿಯುವಾಗ ಮೀಥೇನಿನ ಜೊತೆ ಸಾರಜನಕ ಸೇರಿದರೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಗಾಳಿ ಒಳಗೆ ಲೀಕ್ ಆದರೂ ಇದೇ ಅಪಾಯ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ನಂಬಿ ಕೂರಬೇಡಿ, ಆ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ.

ಇನ್ನೊಂದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಹಿತ್ತಾಳೆ ನಿಪ್ಪಲ್, ತಾಮ್ರದ ಪೈಪ್ ಹಾಕಬೇಡಿ. ಈ ಆರ್ಕ್‌ನಲ್ಲಿ ಅಸಿಟಿಲೀನ್ ಹುಟ್ಟುತ್ತದೆ. ತಾಮ್ರದ ಮೇಲೆ ಅದು ಕಟ್ಟುವ ಅಸಿಟಿಲೈಡ್ ಒಣಗಿದರೆ ಬರೀ ತಿಕ್ಕಾಟಕ್ಕೇ ಸಿಡಿಯುತ್ತದೆ. ರಿಯಾಕ್ಟರ್ ದಾಟಿದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೆಫ್ಲಾನ್ ಮಾತ್ರ. ಸಿಲಿಕೋನ್ ಟ್ಯೂಬ್ ಮೆತ್ತಗಿದ್ದು ಕೂರಿಸಲು ಚೆನ್ನ, ಆದರೆ ಹೈಡ್ರೋಜನ್ ಅದರ ಗೋಡೆಯ ಮೂಲಕವೇ ಸೋರುತ್ತದೆ.

ಜಾಗದ ವಿಚಾರದಲ್ಲಿ ಮಂಗಳೂರು ಹೆಂಚಿನ ಹಳೇ ಗೋದಾಮು ಒಳ್ಳೆಯದು. ಹೆಂಚಿನ ಸಂದಿಯಿಂದ ಹೈಡ್ರೋಜನ್ ತಾನೇ ಹೊರಹೋಗುತ್ತದೆ. ಸೀಲಿಂಗ್ ಹೊಡೆದ ಕೋಣೆ ಬೇಡ.

ಎರಡು ಮೀಟರ್ ಒಟ್ಟಿಗೆ ಓದುವುದು

ವ್ಯಾಟ್‌ಮೀಟರ್ ಆರ್ಕ್‌ನ ಕಥೆ ಹೇಳುತ್ತದೆ, ಯು-ಟ್ಯೂಬ್ ಗ್ಯಾಸಿನ ಕಥೆ. ಒಂದನ್ನೇ ನೋಡಿ ತೀರ್ಮಾನಿಸಿದರೆ ಬಹಳ ಸಲ ತಪ್ಪುತ್ತದೆ.

ವ್ಯಾಟ್ 100ರ ಕೆಳಗೆ ಬಿದ್ದಿದೆ, ಆಂಪಿಯರ್ ಮಾತ್ರ 2.6ರ ಹತ್ತಿರಕ್ಕೆ ಏರಿದೆ ಎಂದರೆ ಅಲಗುಗಳ ನಡುವೆ ಮಸಿ ಸೇತುವೆ ಕಟ್ಟಿದೆ. ನಿಯಾನ್ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದರೂ ಸುಡುವುದಿಲ್ಲ, ತನ್ನ ಕರೆಂಟನ್ನು ತಾನೇ ಹಿಡಿದಿಡುತ್ತದೆ. ಆದ್ದರಿಂದ ಫ್ಯೂಸ್ ಹೋಗಲಿಲ್ಲವಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ವ್ಯಾಟ್ ಮತ್ತು ಆಂಪಿಯರ್ ಎರಡೂ ಒಟ್ಟಿಗೆ ಕುಸಿದಿದ್ದರೆ ಆರ್ಕ್ ಆರಿದೆ, ತಂತಿ ಬಿಟ್ಟಿದೆ ಅಥವಾ ಟ್ರಾನ್ಸ್‌ಫಾರ್ಮರಿನ ಒಳಗಿನ ರಕ್ಷಣೆ ಟ್ರಿಪ್ ಆಗಿದೆ. ಟ್ರಾನ್ಸ್‌ಫಾರ್ಮರಿಗೆ ಕೆಪಾಸಿಟರ್ ಕೂಡಿಸಿದ್ದರೆ ಆಂಪಿಯರ್ ಲೆಕ್ಕ ಅಡಿಮೇಲಾಗುತ್ತದೆ. ಪರೀಕ್ಷೆಯ ಹೊತ್ತಿಗೆ ಅದನ್ನು ಬಿಡಿಸಿಡಿ, ಬಿಡಿಸಿದ ಮೇಲೆ ಅದರ ಎರಡು ತುದಿಗಳನ್ನು ಡಿಸ್ಚಾರ್ಜ್ ಮಾಡಿ.

ವ್ಯಾಟ್ ಸರಿ ಇದ್ದು ಯು-ಟ್ಯೂಬ್ ಏರುತ್ತ ಹೋದರೆ ಫಿಲ್ಟರ್ ಕಟ್ಟುತ್ತಿದೆ. ಯು-ಟ್ಯೂಬ್ ಇಳಿದು, ಒಳಬರುವ ಗ್ಯಾಸಿನ ಹರಿವು ತೋರಿಸುವ ರೋಟಾಮೀಟರಿನ ಗುಂಡೂ ಇಳಿದಿದ್ದರೆ ನಾಜಲ್ ಕಟ್ಟಿದೆ ಅಥವಾ ಗ್ಯಾಸ್ ಬರುವುದೇ ಕಡಿಮೆಯಾಗಿದೆ. ಗುಂಡು ತನ್ನ ಜಾಗದಲ್ಲೇ ಇದ್ದು ಯು-ಟ್ಯೂಬ್ ಮಾತ್ರ ಇಳಿದಿದ್ದರೆ ಎಲ್ಲೋ ಲೀಕ್ ಇದೆ. ಆಗ ತಕ್ಷಣ ಆರ್ಕ್ ಆರಿಸಿ, ಮೀಥೇನ್ ಮುಚ್ಚಿ, ಆರ್ಗಾನ್ ತೆರೆಯಿರಿ. ಉಳಿದ ಯೋಚನೆ ಆಮೇಲೆ.

ಎರಡೂ ಗೋಡೆಯ ಮೇಲೆ ಬರೆದಂತೆಯೇ ಇದ್ದು ಹೈಡ್ರೋಜನ್ ಮಾತ್ರ ಕಡಿಮೆ ಎಂದರೆ, ತಪ್ಪು ಒಳಬರುವ ಗ್ಯಾಸಿನಲ್ಲಿದೆ ಅಥವಾ ಹೈಡ್ರೋಜನ್ ಅಳೆಯುವ ಸಾಧನದಲ್ಲಿದೆ.

ಆರ್ಕ್ ಹೊತ್ತುವುದೇ ಇಲ್ಲ

ಮೊದಲು ಕರೆಂಟಿನ ವೋಲ್ಟೇಜ್ ನೋಡಿ. ನವೆಂಬರಿನಿಂದ ಪಲ್ಪರ್ ಮೋಟಾರುಗಳು, ಫೆಬ್ರವರಿ-ಮಾರ್ಚ್‌ನಲ್ಲಿ ಹೂವು ಅರಳಿಸಲು ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡುವಾಗ, ಲೈನಿನ ಕೊನೆಯ ತೋಟದಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಆಗ 10 ಕಿಲೋವೋಲ್ಟ್ 8.3 ಆಗುತ್ತದೆ. ಬೆಳಿಗ್ಗೆ ಹೊತ್ತಿದ ಆರ್ಕ್ ಸಂಜೆ ಹೊತ್ತದಿರಲು ಇದೇ ಕಾರಣ ಸಾಕು. ಸರ್ವೋ ಸ್ಟೆಬಿಲೈಸರ್ ಹಾಕಿ. ಅಂತರವನ್ನು ಕಡಿಮೆ ಮಾಡಿ ಹೊಂದಿಸಿಕೊಂಡರೆ ಹೊತ್ತುವುದೇನೋ ಹೊತ್ತುತ್ತದೆ, ಮಸಿ ಸೇತುವೆಯೂ ಅಷ್ಟೇ ಬೇಗ ಕಟ್ಟುತ್ತದೆ.

ಎತ್ತರದ ಲೆಕ್ಕವನ್ನೂ ಮರೆಯಬಾರದು. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ 88 ಕಿಲೋಪ್ಯಾಸ್ಕಲ್ ಆಸುಪಾಸು, ಸಮುದ್ರಮಟ್ಟಕ್ಕಿಂತ ಶೇ. 13ರಷ್ಟು ಕಡಿಮೆ. ಕಿಡಿ ಹಾರಲು ಬೇಕಾದ ವೋಲ್ಟೇಜ್ ಒತ್ತಡ ಮತ್ತು ಅಂತರದ ಗುಣಲಬ್ಧವನ್ನು ಅನುಸರಿಸುವುದರಿಂದ, ಮಂಗಳೂರಿನಲ್ಲಿ 2.5 ಮಿ.ಮೀ.ಗೆ ಹೊಂದಿಸಿದ ಅಂತರವನ್ನು ಇಲ್ಲಿ 2.8ರವರೆಗೂ ಒಯ್ಯಬಹುದು. ಇದು ಅನುಕೂಲ. ಅನನುಕೂಲವೆಂದರೆ ಕೊಳವೆಯ ಹೊರಗೂ ಗಾಳಿಯ ನಿರೋಧ ಅಷ್ಟೇ ಕಡಿಮೆ. ಬಯಲಿನಲ್ಲಿ ತಯಾರಾದ ಘಟಕದ ಹೈವೋಲ್ಟೇಜ್ ಟರ್ಮಿನಲ್‌ಗಳ ದೂರವನ್ನು ಇಲ್ಲಿ ಹೆಚ್ಚಿಸಿಯೇ ಕೂರಿಸಬೇಕು.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮೂರನೇ ಕಾರಣ ಮೇಲೆ ಬರುತ್ತದೆ: ಇನ್ಸುಲೇಟರ್ ಮೇಲಿನ ತೇವ. ಪಿಂಗಾಣಿಯ ಮೇಲೆ ಕಣ್ಣಿಗೆ ಕಾಣದ ಮಸಿಯ ಪದರ, ಅದರ ಮೇಲೆ ಮಂಜಿನ ಪಸೆ. ಕರೆಂಟ್ ಆರ್ಕ್ ಬಿಟ್ಟು ಆ ದಾರಿ ಹಿಡಿಯುತ್ತದೆ. ಅರ್ಥ್ ದೋಷ ರಕ್ಷಣೆ ಇರುವ ಟ್ರಾನ್ಸ್‌ಫಾರ್ಮರ್ ಆಗ ಟ್ರಿಪ್ ಆಗುತ್ತದೆ. ಆ ರಕ್ಷಣೆಯನ್ನು ಬೈಪಾಸ್ ಮಾಡುವುದು ಆತ್ಮಹತ್ಯೆಗೆ ಸಮ. ಕತ್ತಲೆಯಲ್ಲಿ ನಿಂತು ನೋಡಿದರೆ ಇನ್ಸುಲೇಟರಿನ ಬುಡದಲ್ಲಿ ಸಣ್ಣ ನೇರಳೆ ಎಳೆಗಳು ಹರಿದಾಡುತ್ತವೆ, ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಕೇಳುತ್ತದೆ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಮಾತ್ರ ಕರೆಂಟ್ ಕೊಡಿ. ಮಳೆಗಾಲದಲ್ಲಿ ಹೈವೋಲ್ಟೇಜ್ ಪೆಟ್ಟಿಗೆಯೊಳಗೆ ಒಂದು 60 ವ್ಯಾಟ್ ಹಳೇ ಬಲ್ಬನ್ನು ರಾತ್ರಿಯಿಡೀ ಉರಿಸಿಟ್ಟರೆ ಬೆಳಿಗ್ಗೆ ಈ ತೊಂದರೆ ಇರುವುದಿಲ್ಲ. ಘಟಕ ಓಡುವಾಗ ಬಲ್ಬ್ ಆರಿಸಿ ತೆಗೆದಿಡಿ.

ಆರ್ಗಾನ್‌ನಲ್ಲಿ ಚೆನ್ನಾಗಿ ಹೊತ್ತಿ, ಮೀಥೇನ್ ಬಿಟ್ಟೊಡನೆ ಆರುವುದು ಬೇರೆಯೇ ದೋಷ. ಮೀಥೇನ್ ಒಡೆದಾಗ ಹುಟ್ಟುವ ಹೈಡ್ರೋಜನ್ ಶಾಖವನ್ನು ಬಹಳ ವೇಗವಾಗಿ ಒಯ್ಯುತ್ತದೆ, ಆರ್ಕ್ ತಣ್ಣಗಾಗಿ ಹೆಚ್ಚು ವೋಲ್ಟೇಜ್ ಬೇಡುತ್ತದೆ. ಆರ್ಗಾನನ್ನು ಮೂರು-ನಾಲ್ಕು ನಿಮಿಷಗಳಲ್ಲಿ ನಿಧಾನವಾಗಿ ಇಳಿಸುತ್ತ ಮೀಥೇನ್ ಏರಿಸಿ. ಆದರೂ ಆರಿದರೆ ಅಲಗುಗಳ ಮೇಲ್ತುದಿ ಅತಿಯಾಗಿ ಅಗಲವಾಗಿದೆಯೇ ನೋಡಿ.

ಮಸಿ ಸೇತುವೆ

ಈ ಘಟಕದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಶುದ್ಧ ಮೀಥೇನನ್ನು ಒಡೆದರೆ ಕಾರ್ಬನ್ ಎಲ್ಲಾದರೂ ಕೂರಲೇಬೇಕು: 4 ಕಿಲೋ ಮೀಥೇನ್ ಪೂರ್ತಿ ಒಡೆದರೆ 1 ಕಿಲೋ ಹೈಡ್ರೋಜನ್, 3 ಕಿಲೋ ಕಾರ್ಬನ್.

ಕಪ್ಪು ಗಾಜಿನ ಹಿಂದಿನಿಂದ ಕಿರಿದಾದ ಜಾಗವನ್ನು ಗಮನಿಸಿ. ಮೊದಲು ಒಂದು ಅಲಗಿನ ಅಂಚಿನಲ್ಲಿ ಪಾಚಿಯಂಥ ಕಪ್ಪು ಮಚ್ಚೆ ಮೂಡುತ್ತದೆ. ಅದರಿಂದ ಕೂದಲೆಳೆಯಂಥ ಮಸಿ ಎದುರಿನ ಅಲಗಿನ ಕಡೆಗೆ ಬೆಳೆಯುತ್ತದೆ, ತುದಿ ಕೆಂಡದಂತೆ ಕೆಂಪಗೆ. ಎಳೆ ಮುಟ್ಟಿದ ಕ್ಷಣ ಮೇಲೆ ಬೀಸಣಿಗೆಯಂತೆ ಹರಡಿದ್ದ ಆರ್ಕ್ ಮಾಯವಾಗಿ, ಕೆಳಗೆ ಒಂದು ಕಿತ್ತಳೆ ಚುಕ್ಕೆ ಮಾತ್ರ ಉಳಿಯುತ್ತದೆ. ಕೆಲವೊಮ್ಮೆ ಎಳೆ ತಾನೇ ಸುಟ್ಟು ಕಡಿದು ಆರ್ಕ್ ಮರಳುತ್ತದೆ, ಮತ್ತೆ ಕಟ್ಟುತ್ತದೆ. ವ್ಯಾಟ್‌ಮೀಟರ್ ಆಗ 240 ಮತ್ತು 100ರ ನಡುವೆ ತೂಗಾಡುತ್ತದೆ. ಈ ತೂಗಾಟ ಕಂಡಾಗಲೇ ನಿಲ್ಲಿಸಿದರೆ ಕೆಲಸ ಸಲೀಸು. ಪೂರ್ತಿ ಕಟ್ಟಿದ ಮೇಲೆ ಮಸಿ ಗಟ್ಟಿಯಾಗಿ ಅಲಗಿಗೆ ಕಚ್ಚಿಕೊಳ್ಳುತ್ತದೆ.

ಮುಖ್ಯ ಕಾರಣ ವೇಗ ಸಾಲದಿರುವುದು. 1 ಮಿ.ಮೀ. ನಾಜಲ್‌ನಿಂದ ನಿಮಿಷಕ್ಕೆ 2 ಲೀಟರ್ (ಮಡಿಕೇರಿಯ ಒತ್ತಡದಲ್ಲಿ 2.3 ಲೀಟರ್) ಹೊರಟರೆ ಸೆಕೆಂಡಿಗೆ ಸುಮಾರು 50 ಮೀಟರ್ ವೇಗ. ತೂತು ಸವೆದು ಒಂದೂವರೆ ಮಿ.ಮೀ. ಆದರೆ ವೇಗ ಅರ್ಧಕ್ಕಿಂತ ಕೆಳಗೆ, ಸುಮಾರು 22ಕ್ಕೆ ಬೀಳುತ್ತದೆ. ಆಗ ಆರ್ಕ್ ಮೇಲೇರದೆ ಕಿರಿದಾದ ಜಾಗದಲ್ಲೇ ನಿಂತು ಅಲ್ಲೇ ಮಸಿ ಉಗುಳುತ್ತದೆ. 1 ಮಿ.ಮೀ. ಡ್ರಿಲ್ ಬಿಟ್‌ನ ಹಿಂಬದಿಯನ್ನು ನಾಜಲ್‌ಗೆ ಹಾಕಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ನಾಜಲ್ ಬದಲಿಸಿ. ಎರಡನೇ ಕಾರಣ ಒರಟು ಅಂಚು. 400 ನಂಬರಿನ ಎಮರಿ ಕಾಗದ, ನಂತರ 800ರಿಂದ ಉದ್ದುದ್ದಕ್ಕೆ ತಿಕ್ಕಿ, ಅಡ್ಡಗೀರು ಬೀಳದಂತೆ.

ಮಸಿ ತೆಗೆಯಲು ಘಟಕ ತಣಿದು, ಆರ್ಗಾನ್ ಹಾಯಿಸಿಯಾದ ಮೇಲೆ, ಒಣ ಬಿದಿರಿನ ಸೀಳಿನಿಂದ ಕೆರೆಯಿರಿ. ಬಿದಿರು ಅಲಗಿಗೆ ಗೀರು ಹಾಕುವುದಿಲ್ಲ. ಗಾಳಿ ಬಿಟ್ಟು ಸುಟ್ಟು ತೆಗೆಯುವ ವಿಧಾನವನ್ನು ಈ ಗಾತ್ರದ ಗಾಜಿನ ಘಟಕಕ್ಕೆ ನಾವು ಒಪ್ಪುವುದಿಲ್ಲ. ಎಲ್ಲೋ ಉಳಿದ ಒಂದಿಷ್ಟು ಹೈಡ್ರೋಜನ್ ಸಾಕು. ಪದೇಪದೇ ಸೇತುವೆ ಕಟ್ಟುವುದಾದರೆ ಹೊರಬರುವ ಹೈಡ್ರೋಜನ್‌ನ ಒಂದು ಪಾಲನ್ನು ಮೀಥೇನಿನೊಂದಿಗೆ ಬೆರೆಸಿ ಮರಳಿ ಕೊಡುವುದು ಹೆಚ್ಚು ಒಳ್ಳೆಯ ದಾರಿ. ಹೈಡ್ರೋಜನ್ ಹೆಚ್ಚಿದ್ದಲ್ಲಿ ಮಸಿ ಕಟ್ಟುವುದು ನಿಧಾನವಾಗುತ್ತದೆ.

ಬಣ್ಣ ನೋಡಿ ಹೇಳುವುದು

ಹಳೇ ಸಿಡಿಯ ಒಂದು ತುಂಡು ಸಾಕು, ಅದರಲ್ಲಿ ಆರ್ಕ್‌ನ ಬೆಳಕು ಬಣ್ಣಬಣ್ಣವಾಗಿ ಒಡೆದು ಕಾಣುತ್ತದೆ. ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಅಥವಾ ಮಧ್ಯೆ ಪಾಲಿಕಾರ್ಬನೇಟ್ ಹಾಳೆ ಇರಲಿ, ಅದರಲ್ಲೂ ಕೊಳವೆ ಕ್ವಾರ್ಟ್ಜ್‌ನದಾದರೆ ಅತಿನೇರಳೆ ನೇರವಾಗಿ ಹೊರಬರುತ್ತದೆ. ಬರೀ ಆರ್ಗಾನ್‌ನಲ್ಲಿ ನೇರಳೆ-ಗುಲಾಬಿ. ಮೀಥೇನ್ ಸರಿಯಾಗಿ ಒಡೆಯುವಾಗ ನೀಲಿ-ಹಸಿರು. ಸಿಡಿಯಲ್ಲಿ 516 ನ್ಯಾನೋಮೀಟರ್ ಬಳಿ ಹಸಿರು ಪಟ್ಟಿ, ಅದು ಎರಡು ಕಾರ್ಬನ್ ಪರಮಾಣುಗಳ ಜೋಡಿಯದು. 656ರ ಕೆಂಪು ಗೆರೆ ಹೈಡ್ರೋಜನ್‌ನದು. ಇಡೀ ಆರ್ಕ್ ಬಿಳಿ-ಹಳದಿಗೆ ತಿರುಗಿದರೆ ಮಸಿಯ ಕಣಗಳು ಕಾದು ಬೆಳಗುತ್ತಿವೆ. 589ರಲ್ಲಿ ಒಂದೇ ಚೂಪಾದ ಹಳದಿ ಗೆರೆ ಬಂದರೆ ಅದು ಸೋಡಿಯಂ: ಅಲಗಿಗೆ ಬೆವರಿನ ಕೈ ತಾಗಿದೆ, ಇಲ್ಲವೇ ಆರ್ಕ್ ಬಾಗಿ ಬೊರೊಸಿಲಿಕೇಟ್ ಗಾಜನ್ನು ಸುಡುತ್ತಿದೆ. ಎರಡನೆಯದಾದರೆ ಗಾಜು ಬಿರುಕು ಬಿಡುವ ಮೊದಲೇ ನಿಲ್ಲಿಸಿ.

ಮೀಟರ್ ಸರಿ, ಹೈಡ್ರೋಜನ್ ಕಡಿಮೆ

ಇಲ್ಲಿ ಲೆಕ್ಕ ಹಾಕಲೇಬೇಕು.

ಮೊದಲನೆಯದು ರೋಟಾಮೀಟರ್. ಅಂಗಡಿಯಲ್ಲಿ ಸಿಗುವ ರೋಟಾಮೀಟರ್ ಸಮುದ್ರಮಟ್ಟದ ಗಾಳಿಗೆ ಗುರುತು ಹಾಕಿದ್ದು. ಮೀಥೇನ್ ಗಾಳಿಗಿಂತ ಹಗುರ, ಮಡಿಕೇರಿಯ ಒತ್ತಡದಲ್ಲಿ ಇನ್ನೂ ಹಗುರ. ಅದು 1.6 ಲೀಟರ್ ತೋರಿಸುವಾಗ ನಿಜವಾಗಿ ಹರಿಯುವುದು 2.3 ಲೀಟರ್, ಸಮುದ್ರಮಟ್ಟದ ಒತ್ತಡಕ್ಕೆ ಇಳಿಸಿದರೆ 2 ಲೀಟರ್. ಅಂದರೆ ಓದಿದ ಅಂಕಿಯನ್ನು 1.25ರಿಂದ ಗುಣಿಸಬೇಕು. ಇದನ್ನು ಮಾಡದೆ ಗುಂಡನ್ನು 2ಕ್ಕೆ ನಿಲ್ಲಿಸಿದರೆ ಕಾಲುಭಾಗ ಹೆಚ್ಚು ಗ್ಯಾಸ್ ಹೋಗುತ್ತದೆ, ಅಷ್ಟೇ 200 ವ್ಯಾಟ್ ಅದರ ಮೇಲೆ ಹಂಚಿಹೋಗಿ ಹೈಡ್ರೋಜನ್ ಶೇಕಡಾವಾರು ತಾನೇ ಇಳಿಯುತ್ತದೆ. ದೋಷವೇ ಇಲ್ಲದ ದೋಷ ಇದು. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ, ಅಲ್ಲಿ ಗುಣಕ ಸ್ವಲ್ಪ ಹೆಚ್ಚು, 1.27ರಿಂದ 1.28.

ಎರಡನೆಯದು ಮಸಿ ಮತ್ತು ಅಸಿಟಿಲೀನಿನ ಪಾಲು. ನಿಮಿಷಕ್ಕೆ 2 ಲೀಟರ್ ಎಂದರೆ ಗಂಟೆಗೆ 5 ಮೋಲ್ ಮೀಥೇನ್. ಅದರ ಐದನೇ ಒಂದು ಭಾಗ ಒಡೆಯಿತು ಎಂದುಕೊಳ್ಳಿ, ಅಂದರೆ 1 ಮೋಲ್. ಎಲ್ಲವೂ ಮಸಿಯಾದರೆ ಗಂಟೆಗೆ 12 ಗ್ರಾಂ ಮಸಿ, 4 ಗ್ರಾಂ ಹೈಡ್ರೋಜನ್. ಹೊರಬರುವ ಗ್ಯಾಸಿನಲ್ಲಿ ಹೈಡ್ರೋಜನ್ ಶೇ. 33. ಎಲ್ಲವೂ ಅಸಿಟಿಲೀನ್ ಆದರೆ ಮಸಿ ಶೂನ್ಯ, ಹೈಡ್ರೋಜನ್ 3 ಗ್ರಾಂ, ಶೇ. 25, ಅದರ ಜೊತೆ ಶೇ. 8ರಷ್ಟು ಅಸಿಟಿಲೀನ್. ಒಡೆದ ಮೀಥೇನ್ ಅಷ್ಟೇ, ಬಂದ ಹೈಡ್ರೋಜನ್ ಬೇರೆ. ಆದ್ದರಿಂದ ಫಿಲ್ಟರನ್ನು ಓಡಿಸುವ ಮೊದಲೂ ಆಮೇಲೂ ತೂಗಿ, ರಿಯಾಕ್ಟರಿನ ಗೋಡೆಯ ಮಸಿಯನ್ನೂ ಸೇರಿಸಿ. ಗಂಟೆಗೆ 3 ಗ್ರಾಂ ಮಸಿ ಸಿಕ್ಕರೆ ಕಾಲುಭಾಗ ಮಾತ್ರ ಮಸಿಯ ದಾರಿ ಹಿಡಿದಿದೆ.

ಆರ್ಕ್‌ನಿಂದ ಹೊರಟ ಗ್ಯಾಸ್ ಬೇಗ ತಣಿದಷ್ಟೂ ಅಸಿಟಿಲೀನ್ ಹಾಗೇ ಉಳಿಯುತ್ತದೆ. ಜರ್ಮನಿಯ ಮಾರ್ಲ್ ಎಂಬಲ್ಲಿ 1940ರಲ್ಲಿ ಶುರುವಾದ ಹ್ಯೂಲ್ಸ್ ಆರ್ಕ್ ವಿಧಾನದಲ್ಲಿ ಅಸಿಟಿಲೀನೇ ಬೇಕಿತ್ತು, ಹಾಗಾಗಿ ಅವರು ಬೇಕೆಂದೇ ಗ್ಯಾಸನ್ನು ಥಟ್ಟನೆ ತಣಿಸುತ್ತಿದ್ದರು. ನಮಗೆ ಬೇಕಾದದ್ದು ಅದರ ವಿರುದ್ಧ. ಗಾಜು ಬಿಸಿಯಾಗುತ್ತದೆಂದು ಯಾರಾದರೂ ಕೊಳವೆಯ ಮೇಲೆ ಫ್ಯಾನ್ ತಿರುಗಿಸಿದ್ದರೆ, ಕೂಲರನ್ನು ಆರ್ಕ್‌ಗೆ ಹತ್ತಿರ ತಂದಿದ್ದರೆ, ಹೈಡ್ರೋಜನ್ ಇಳಿದದ್ದು ಅದರಿಂದಲೇ. ಕ್ವಾರ್ಟ್ಜ್ ಕೊಳವೆ ಹಾಕಿ, ಆರ್ಕ್‌ನ ಮೇಲಿನ ಭಾಗಕ್ಕೆ ಸೆರಾಮಿಕ್ ಉಣ್ಣೆ ಸುತ್ತಿ ಬಿಸಿ ಉಳಿಸಿ.

ಅಂದಹಾಗೆ ಇದೇ ಅಂಕಿಗಳಿಂದ ಕರೆಂಟಿನ ಲೆಕ್ಕವೂ ಸಿಗುತ್ತದೆ. ಗಂಟೆಗೆ 3 ಗ್ರಾಂ ಹೈಡ್ರೋಜನ್‌ಗೆ 200 ವ್ಯಾಟ್ ಎಂದರೆ ಕಿಲೋಗೆ ಸುಮಾರು 67 ಯೂನಿಟ್. ಮೀಥೇನನ್ನು ಮಸಿಯ ದಾರಿಯಲ್ಲಿ ಒಡೆಯಲು ಶಾಸ್ತ್ರದ ಪ್ರಕಾರ ಬೇಕಾದದ್ದು ಕಿಲೋ ಹೈಡ್ರೋಜನ್‌ಗೆ 5.2 ಯೂನಿಟ್ ಮಾತ್ರ. ಉಳಿದದ್ದರ ಬಹುಪಾಲು ಒಡೆಯದ ಗ್ಯಾಸನ್ನು, ಗಾಜನ್ನು, ಕೋಣೆಯನ್ನು ಕಾಯಿಸಿದೆ. ಬಿಸಿ ಉಳಿಸುವ ಕೆಲಸಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕೇ.

ಮೂರನೆಯದು ಡೈಜೆಸ್ಟರ್, ಅಂದರೆ ಗೊಬ್ಬರ ಗ್ಯಾಸ್ ತಯಾರಾಗುವ ತೊಟ್ಟಿ. ಅರೇಬಿಕಾ ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ತೊಳೆದು ಒಣಗಿಸಿದ ಕಾಫಿ) ಮಾಡುವ ದಿನಗಳಲ್ಲಿ ಹುಳಿ ಪಲ್ಪರ್ ನೀರು ಒಮ್ಮೆಗೇ ನುಗ್ಗುತ್ತದೆ. ಸುಣ್ಣ ಹಾಕದೆ ಡೈಜೆಸ್ಟರಿನ ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಕುಂದುತ್ತವೆ, ಇಂಗಾಲದ ಡೈಆಕ್ಸೈಡ್ ಪಾಲು ಏರುತ್ತದೆ, ಗ್ಯಾಸನ್ನು ತೊಳೆದು ಶುದ್ಧ ಮಾಡುವ ಸ್ಕ್ರಬ್ಬರ್‌ಗೆ ಅದನ್ನು ಹಿಡಿಯಲು ಆಗುವುದಿಲ್ಲ. ಹೈಡ್ರೋಜನ್ ಇಳಿದ ದಿನ, ಅದರ ಹಿಂದಿನ ಎರಡು ದಿನ ಎಷ್ಟು ಹಣ್ಣು ಪಲ್ಪ್ ಆಯಿತು ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ.

ಕಾರ್ಬನ್ ಮಾನಾಕ್ಸೈಡ್ ಕಂಡರೆ

ಶುದ್ಧ ಮೀಥೇನಿನಲ್ಲಿ ಆಮ್ಲಜನಕವೇ ಇಲ್ಲ, ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಬಂತೆಂದರೆ ಆಮ್ಲಜನಕ ಎಲ್ಲಿಂದಲೋ ಬಂದಿದೆ. ಮೂರೇ ದಾರಿ: ಉಳಿದ ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ಗಾಳಿ.

ಡೈಆಕ್ಸೈಡಿನ ಪ್ರತಿ ಅಣು ಮೀಥೇನಿನ ಜೊತೆ ಸೇರಿ ಎರಡು ಮಾನಾಕ್ಸೈಡ್ ಕೊಡುತ್ತದೆ. ನೀರಿನ ಆವಿಯನ್ನು ಜನ ಮರೆಯುತ್ತಾರೆ. ನೀರಿನ ಸ್ಕ್ರಬ್ಬರ್ ಹಾದು ಬಂದ ಗ್ಯಾಸ್ 25 ಡಿಗ್ರಿಯಲ್ಲಿ, ಮಡಿಕೇರಿಯ ಒತ್ತಡದಲ್ಲಿ, ಶೇ. 3.6ರಷ್ಟು ಆವಿ ಹೊತ್ತಿರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಕೊಳವೆಯಲ್ಲಿ ಗ್ಯಾಸ್ ಹೊರಡುವ ತುದಿ ಮಾತ್ರ ನೋಡಿ ಇನ್ನೂ ನೀಲಿ ಇದೆ ಎನ್ನಬೇಡಿ, ಗ್ಯಾಸ್ ಒಳಬರುವ ಬದಿಯಿಂದ ಗುಲಾಬಿ ಎಷ್ಟು ದೂರ ಬಂದಿದೆ ನೋಡಿ. ಮೂರರಲ್ಲಿ ಎರಡು ಭಾಗ ಬಣ್ಣ ತಿರುಗಿದರೆ ತೆಗೆದು 120 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಬಿಸಿ ಇರುವಾಗಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಮಳೆಗಾಲದಲ್ಲಿ ತೆರೆದ ತಟ್ಟೆಯಲ್ಲಿ ತಣಿಯಲು ಇಟ್ಟರೆ ಕಾಯಿಸಿದ್ದೆಲ್ಲ ವ್ಯರ್ಥ.

ಗಾಳಿಯ ಅನುಮಾನವಿದ್ದರೆ ಗ್ಯಾಸ್ ಕ್ರೊಮಟೊಗ್ರಾಫ್ (ಮಿಶ್ರಣದ ಗ್ಯಾಸುಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿದ ವರದಿಯಲ್ಲಿ ಸಾರಜನಕ ಹುಡುಕಿ. ಆಮ್ಲಜನಕದ 3.7 ಪಟ್ಟು ಸಾರಜನಕ ಇದ್ದರೆ ಸ್ಯಾಂಪಲ್ ಚೀಲಕ್ಕೆ ಗಾಳಿ ನುಗ್ಗಿದೆ. ಸಾರಜನಕ ಇದ್ದು ಆಮ್ಲಜನಕ ಇಲ್ಲವೆಂದರೆ ಗಾಳಿ ಆರ್ಕ್‌ಗೂ ಮುಂಚೆಯೇ ಸೇರಿ ಅದರ ಆಮ್ಲಜನಕ ಅಲ್ಲಿ ಉರಿದಿದೆ. ಇದು ಗಂಭೀರ, ಸಯನೈಡಿನ ಮಾತು ಇಲ್ಲಿಗೇ ಅನ್ವಯಿಸುತ್ತದೆ.

ಲೀಕ್ ಪರೀಕ್ಷೆ ಹೀಗೆ: ಹೊರದಾರಿ ಮುಚ್ಚಿ, ಆರ್ಗಾನ್‌ನಿಂದ ಯು-ಟ್ಯೂಬ್ 500 ಮಿ.ಮೀ. ತೋರುವವರೆಗೆ ತುಂಬಿ, ಹತ್ತು ನಿಮಿಷ ಕಾಯಿರಿ. 10 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಆದರೆ ಉಷ್ಣತೆ ಒಂದು ಡಿಗ್ರಿ ಬದಲಾದರೂ 30 ಮಿ.ಮೀ.ಯಷ್ಟು ಏರಿಳಿತ ಆಗುತ್ತದೆ. ಮಂಜು ಸರಿದು ಶೀಟಿನ ಮೇಲೆ ಬಿಸಿಲು ಬೀಳುವ ಹೊತ್ತಿನಲ್ಲಿ ಈ ಪರೀಕ್ಷೆ ಮಾಡಿದರೆ ಲೀಕ್ ಇದ್ದರೂ ಕಾಣುವುದಿಲ್ಲ. ಸಂಜೆಯ ಮೇಲೆ ಮಾಡಿ. ಇಳಿದರೆ ಸೋಪು ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತ ಜೋಡಣೆಗಳನ್ನು ಒಂದೊಂದಾಗಿ ಹುಡುಕಿ. ಎಲೆಕ್ಟ್ರೋಡ್ ಒಳಹೋಗುವ ಜಾಗದಿಂದ ಶುರು ಮಾಡಿ. ಹುಡುಕಿಯಾದ ಮೇಲೆ ಆ ಸೋಪನ್ನು ಒರೆಸಿ ಒಣಗಿಸದೆ ಹೈವೋಲ್ಟೇಜ್ ಕೊಡಬಾರದು.

ಫಿಲ್ಟರ್, ಟಾರ್, ಗಂಧಕ

ಯು-ಟ್ಯೂಬ್ 200 ಮಿ.ಮೀ. ದಾಟಿದರೆ ಫಿಲ್ಟರ್ ಬದಲಿಸಿ. ತೆಗೆದ ಮಸಿ ಒಣ ಪುಡಿಯಂತೆ ಉದುರಿದರೆ ಸರಿ. ಕಂದು ಬಣ್ಣಕ್ಕಿದ್ದು ಬೆರಳಿಗೆ ಅಂಟಿದರೆ ಫಿಲ್ಟರ್ ತಣ್ಣಗಿದೆ, ಟಾರ್ ಅಲ್ಲೇ ಇಳಿಯುತ್ತಿದೆ. ಫಿಲ್ಟರ್ ಕವಚವನ್ನು 150 ಡಿಗ್ರಿಯ ಮೇಲೆ ಇಡಿ. ಬೆರಳು ಎಂದೆವು, ಗ್ಲೌಸ್ ಹಾಕಿದ ಬೆರಳು: ಈ ಟಾರ್‌ನಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳಿರುತ್ತವೆ. ಎನ್95 ಮಾಸ್ಕ್ ಇಲ್ಲದೆ ಫಿಲ್ಟರ್ ತೆರೆಯಬಾರದು.

ಹೈಡ್ರೋಜನ್ ಸಲ್ಫೈಡ್‌ಗೆ ತುಕ್ಕು ಹಿಡಿದ ಸ್ಟೀಲ್ ಉಣ್ಣೆಯ ಕೊಳವೆ ಸಾಕು. ತುಕ್ಕಿನ ಬಣ್ಣ ಕಪ್ಪಾಗುತ್ತ ಬಂದಂತೆ ಅದು ತುಂಬುತ್ತಿದೆ. ತುಂಬಿದ್ದನ್ನು ಹೊರಗೆ ಹಾಕುವ ಮೊದಲು ನೀರಿನಲ್ಲಿ ಅದ್ದಿ, ಗಾಳಿ ತಾಗಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಕಾಫಿ ಒಣಗುವ ಕಣದ ಹತ್ತಿರವಂತೂ ಎಸೆಯಲೇಬೇಡಿ.

ಸೆನ್ಸರ್ ಹೇಳುವ ಸುಳ್ಳು

ಎಂಕ್ಯೂ-8 ಮಾದರಿಯ ಅಗ್ಗದ ಹೈಡ್ರೋಜನ್ ಸೆನ್ಸರ್ ಕೆಲಸ ಮಾಡಲು ಗಾಳಿಯ ಆಮ್ಲಜನಕ ಬೇಕು. ಅದನ್ನು ಹೊರಬರುವ ಗ್ಯಾಸಿನ ಪೈಪಿನೊಳಗೆ ಕೂರಿಸಿ ಬಂದ ಅಂಕಿಯನ್ನು ಶೇಕಡಾವಾರು ಎಂದು ಬರೆಯುವುದು ತಪ್ಪು. ಅದರ ಜಾಗ ಮಾಡಿನ ಕೆಳಗೆ, ಲೀಕ್ ಪತ್ತೆಗೆ.

ಶಾಖವಾಹಕತೆ ಅಳೆಯುವ ಸಾಧನ ಪೈಪಿನೊಳಗೆ ಕೆಲಸ ಮಾಡುತ್ತದೆ, ಆದರೆ ಅದನ್ನು ಯಾವ ಗ್ಯಾಸಿನಲ್ಲಿ ಹೊಂದಿಸಲಾಗಿದೆ ಎಂಬುದು ಮುಖ್ಯ. ಹೈಡ್ರೋಜನ್ ವಾಹಕತೆ ಸುಮಾರು 0.18, ಮೀಥೇನ್ 0.034, ಸಾರಜನಕ 0.026, ಇಂಗಾಲದ ಡೈಆಕ್ಸೈಡ್ 0.017. ಸಾರಜನಕದಲ್ಲಿ ಹೊಂದಿಸಿದ ಸಾಧನ ಬರೀ ಮೀಥೇನಿಗೂ ಒಂದಿಷ್ಟು ಹೈಡ್ರೋಜನ್ ಇದೆ ಎನ್ನುತ್ತದೆ. ಡೈಆಕ್ಸೈಡ್ ಸೇರಿದರೆ ಇದ್ದದ್ದನ್ನೂ ಕಡಿಮೆ ತೋರಿಸುತ್ತದೆ. ಆರ್ಕ್ ಆರಿಸಿ ಬರೀ ಮೀಥೇನ್ ಹಾಯಿಸಿ ಸೊನ್ನೆ ಹೊಂದಿಸಿ.

ಸಾಧನವೇ ಇಲ್ಲದವರಿಗೆ ಸೋಪು ಗುಳ್ಳೆಯ ಬ್ಯುರೆಟ್ (ಅಳತೆಯ ಗುರುತಿರುವ ಗಾಜಿನ ಕೊಳವೆ) ಇದೆ. ಒಳಹೋದದ್ದರ ಐದನೇ ಒಂದು ಭಾಗ ಒಡೆದರೆ ಹೊರಬರುವ ಗ್ಯಾಸಿನ ಗಾತ್ರ 1.2 ಪಟ್ಟಾಗುತ್ತದೆ, ಮಸಿಯಾಗಲಿ ಅಸಿಟಿಲೀನಾಗಲಿ ಲೆಕ್ಕ ಒಂದೇ. ಆರ್ಕ್ ಆರಿರುವಾಗ ಗುಳ್ಳೆ 100 ಮಿ.ಲೀ. ಏರಲು ಎಷ್ಟು ಸೆಕೆಂಡ್, ಉರಿಯುವಾಗ ಎಷ್ಟು ಎಂದು ತಲಾ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಗ್ಯಾಸ್ ಕೋಣೆಯ ಉಷ್ಣತೆಗೆ ತಣಿದಿರಬೇಕು, ಬ್ಯುರೆಟ್ಟಿನ ಬಾಯಿ ಹೊರಗಿನ ಪೈಪಿಗೆ ಸೇರಿರಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಗ್ಗೆ ಒಂದು ಮಾತು. ಅದರೊಳಗಿನ ರಾಸಾಯನಿಕ ಸೆಲ್ ಹೈಡ್ರೋಜನ್‌ಗೂ ಅಸಿಟಿಲೀನಿಗೂ ಪ್ರತಿಕ್ರಿಯಿಸುತ್ತದೆ. ಅದು ಕೂಗಿದಾಗ ಮಾನಾಕ್ಸೈಡ್ ಇರಲಾರದು, ಸೆನ್ಸರ್ ತಪ್ಪಿರಬೇಕು ಎಂದು ವಾದಿಸುತ್ತ ನಿಲ್ಲಬೇಡಿ. ಮೂರರಲ್ಲಿ ಯಾವುದೇ ಗ್ಯಾಸ್ ಆಗಿದ್ದರೂ ಕೋಣೆಯೊಳಗೆ ಇರಬಾರದ್ದು ಇದೆ. ಅಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು, ಹೊರಗಿನ ಮೇನ್ ಸ್ವಿಚ್ ಇಳಿಸಿ, ಹೊರಗಿನ ಮೀಥೇನ್ ವಾಲ್ವ್ ಮುಚ್ಚಿ. ಈ ಎರಡೂ ಕಟ್ಟಡದ ಆಚೆ, ಕತ್ತಲೆಯಲ್ಲೂ ಕೈಗೆ ಸಿಗುವ ಎತ್ತರದಲ್ಲಿ ಇಲ್ಲದ ಘಟಕವನ್ನು ಇವತ್ತು ಚಾಲೂ ಮಾಡಬೇಡಿ.